ಮುಂದೆ ‘ಇ’, ಪಕ್ಕದಲ್ಲಿ ‘ಎಕ್ಸ್’



ಮನೆಯಲ್ಲಿ ಮಾತ್ರೆ, ಔಷಧಿ ಇಡುವ ಡಬ್ಬಿಯನ್ನು ತಂದು ಪಕ್ಕದಲ್ಲಿ ಇಟ್ಟುಕೊಳ್ಳಿ. ಹಳೇ ಬಿಸ್ಕತ್ ಡಬ್ಬಿಯೋ, ಪ್ಲಾಸ್ಟಿಕ್ ಕವರೋ, ಯಾವುದಾದರೂ ಸರಿ. ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಅದನ್ನೂ ತನ್ನಿ. ಇವತ್ತಿನ ಪಾಠ ಅವುಗಳ ಮೇಲೇ ಐತೆ.

ಹೋದ ತಿಂಗಳು ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ನನ್ನನ್ನು ಒಂದು ಮಾತು ಕೇಳಿದರು. ಐವತ್ತು ದಾಟಿದವರು. ಆರು ತಿಂಗಳಲ್ಲಿ ಕನ್ನಡ ಓದುವುದು ಕಲಿತವರು. “ಅಲ್ಲ ಮೇಡಂ, ಕನ್ನಡ ಕಲಿಸಿದ್ರಿ, ಒಳ್ಳೇದಾಯ್ತು. ಆದ್ರೆ ಬಸ್ಸಿನ ಮೇಲೆ ತೆಲುಗು, ಮಾತ್ರೆ ಮೇಲೆ ಇಂಗ್ಲಿಷ್. ನಾನು ಕಲ್ತಿದ್ದನ್ನ ಎಲ್ಲಿ ಓದ್ಲಿ?”

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದು ನಿಜ. ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ, ಮಡಕಶಿರಾ ಕಡೆ ಮನೆಯಲ್ಲಿ ಆಡುವುದು ಕನ್ನಡ, ಕಚೇರಿಯಲ್ಲಿ ನಡೆಯುವುದು ತೆಲುಗು. 2022ರ ಏಪ್ರಿಲ್‌ವರೆಗೆ ನಾವು ಅನಂತಪುರ ಜಿಲ್ಲೆಯವರಾಗಿದ್ದೆವು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯವರು. ಜಿಲ್ಲೆ ಬದಲಾಯಿತು, ಬೋರ್ಡುಗಳ ಕಥೆ ಬದಲಾಗಲಿಲ್ಲ.

ತೆಲುಗಿನ ಬಗ್ಗೆ ಹೆಚ್ಚು ಹೆದರಬೇಡಿ. ಕನ್ನಡ ಲಿಪಿ, ತೆಲುಗು ಲಿಪಿ ಎರಡೂ ಒಂದೇ ಬೇರಿನಿಂದ ಬಂದವು. ನಮ್ಮ ಮಂಡಲದಲ್ಲೇ ಇರುವ ಹೇಮಾವತಿಯನ್ನು ನೋಡಿರುತ್ತೀರಿ. ಅದು ನೊಳಂಬ ರಾಜರ ರಾಜಧಾನಿ, ಹಳೇ ಹೆಸರು ಹೆಂಜೇರು. ನೊಳಂಬರು ಬರೆಸಿದ ಕನ್ನಡ ಶಾಸನಗಳಲ್ಲಿರುವ ಅಕ್ಷರಗಳನ್ನು ಆ ಕಾಲದ ತೆಲುಗು ಶಾಸನದ ಪಕ್ಕ ಇಟ್ಟರೆ, ಅಣ್ಣ ತಮ್ಮನ ಮುಖದ ಹಾಗೆ ಕಾಣುತ್ತವೆ. ಕನ್ನಡ ಬಂದವರಿಗೆ ತೆಲುಗು ಬೋರ್ಡು ಸ್ವಲ್ಪ ಅಭ್ಯಾಸದಲ್ಲಿ ಬರುತ್ತೆ. ಇಂಗ್ಲಿಷ್ ಹಾಗಲ್ಲ. ಅದು ಬೇರೆ ವಂಶ.

ಹಾಗಂತ ಇಂಗ್ಲಿಷ್ ಭಾಷೆಯನ್ನೇ ಕಲಿಯಬೇಕು ಅಂತ ನಾನು ಹೇಳುತ್ತಿಲ್ಲ. ನಾನು ಬಿ.ಎ. ಓದಿದವಳು, ನನಗೇ ಅದು ಪೂರ್ತಿ ಬರಲ್ಲ. ಕೆಲವು ಅಕ್ಷರ ಜೋಡಿಗಳನ್ನು ಗುರುತು ಹಿಡಿದರೆ ಸಾಕು. ಇವತ್ತು ಮುಖ್ಯವಾಗಿ ಒಂದು ಜೋಡಿ ನೋಡೋಣ. ‘ಇ’ ಮತ್ತು ‘ಎಕ್ಸ್’.

ಅಕ್ಷರದ ಮುಖ ನೋಡಿ

ಒಂದು ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಿನ ಮೇಲೆ ಬರೆಯಿರಿ. ಮೊದಲು ಒಂದು ನಿಂತ ಗೆರೆ. ಅದರ ಬಲಗಡೆಗೆ ಮೂರು ಅಡ್ಡ ಗೆರೆ: ತಲೆಯಲ್ಲಿ ಒಂದು, ನಡುವಿನಲ್ಲಿ ಒಂದು, ಬುಡದಲ್ಲಿ ಒಂದು. ಮೂರೇ ಹಲ್ಲು ಉಳಿದಿರುವ ಬಾಚಣಿಗೆಯ ಹಾಗೆ ಕಾಣುತ್ತೆ. ಇದೇ ಇಂಗ್ಲಿಷಿನ ‘ಇ’.

ಈಗ ಅದರ ಪಕ್ಕದಲ್ಲಿ ಎರಡು ಗೆರೆಗಳನ್ನು ಕತ್ತರಿ ಹಾಕಿದ ಹಾಗೆ ಎಳೆಯಿರಿ. ಗುಣಾಕಾರದ ಗುರುತು ಇದೆಯಲ್ಲ, ಅದೇ. ಇದು ‘ಎಕ್ಸ್’.

ಮೂರನೆಯದು ‘ಪಿ’. ಒಂದು ನಿಂತ ಗೆರೆ, ಮೇಲುಗಡೆ ಬಲಕ್ಕೆ ಒಂದು ಹೊಟ್ಟೆ.

ಇ, ಎಕ್ಸ್, ಪಿ. ಮೂರನ್ನೂ ಪಕ್ಕ ಪಕ್ಕ ಬರೆದು ನಾಲ್ಕು ಸಲ ತಿದ್ದಿ.

ಇಲ್ಲಿ ಒಂದು ಗೊಂದಲ ಬರುತ್ತೆ, ಅದನ್ನು ಈಗಲೇ ಬಿಡಿಸಿಕೊಳ್ಳೋಣ. ನಮ್ಮ ಕನ್ನಡದಲ್ಲಿ ಅಕ್ಷರದ ಹೆಸರೂ ಒಂದೇ, ಅದನ್ನು ಓದುವ ಸದ್ದೂ ಒಂದೇ. ‘ಕ’ ಅಂದರೆ ‘ಕ’. ಇಂಗ್ಲಿಷಿನಲ್ಲಿ ಹೆಸರು ಬೇರೆ, ಸದ್ದು ಬೇರೆ. ಬಾಚಣಿಗೆ ಅಕ್ಷರದ ಹೆಸರು ‘ಇ’. ಆದರೆ ಅದು ‘ಎಕ್ಸ್’ ಜೊತೆ ಸೇರಿದಾಗ ನಾವು ಓದುವುದು ‘ಎ’ ಅಂತ. ಅಂಗನವಾಡಿ ಮಗುವಿಗೆ ಕರೆಯುವ ಹೆಸರು ಒಂದು, ರಿಜಿಸ್ಟರಿನಲ್ಲಿ ಬರೆಸಿದ ಹೆಸರು ಒಂದು ಇರುತ್ತಲ್ಲ, ಹಾಗೆ ಅಂದುಕೊಳ್ಳಿ. ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ 26 ಅಕ್ಷರ, ಆದರೆ ಪ್ರತಿಯೊಂದಕ್ಕೂ ದೊಡ್ಡದು ಚಿಕ್ಕದು ಅಂತ ಎರಡು ವೇಷ. ಮಾತ್ರೆ ಶೀಟಿನ ಮೇಲೆ ಸಾಮಾನ್ಯವಾಗಿ ದೊಡ್ಡಕ್ಷರಗಳೇ ಇರುತ್ತವೆ. ಅದಕ್ಕೇ ನಾನು ಅವನ್ನೇ ಮೊದಲು ಹೇಳುತ್ತಿದ್ದೇನೆ.

ಮಾತ್ರೆಯ ಶೀಟು

ಈಗ ಡಬ್ಬಿ ತೆರೆಯಿರಿ. ಒಂದು ಮಾತ್ರೆ ಶೀಟು ತೆಗೆದು ಹಿಂದುಗಡೆ ತಿರುಗಿಸಿ. ಬೆಳಕಿಗೆ ಹಿಡಿಯಿರಿ. ಅಕ್ಷರ ತುಂಬಾ ಸಣ್ಣದು, ಚಾಳೀಸು ಬಂದವರು ಕನ್ನಡಕ ಹಾಕಿಕೊಳ್ಳಿ. ಒಂದು ಅಂಚಿನಲ್ಲಿ ಮೂರು ನಾಲ್ಕು ಸಾಲು ಒತ್ತಿರುತ್ತಾರೆ. ಅದರಲ್ಲಿ ಬಾಚಣಿಗೆ, ಕತ್ತರಿ, ಹೊಟ್ಟೆ – ಇ, ಎಕ್ಸ್, ಪಿ – ಹುಡುಕಿ.

ಸಿಕ್ಕಿತಾ?

ಅದು ‘ಎಕ್ಸ್‌ಪೈರಿ’ ಅನ್ನುವ ಪದದ ಮೊದಲ ಮೂರು ಅಕ್ಷರ. ಅವಧಿ ಮುಗಿಯುವುದು ಅಂತ ಅರ್ಥ. ಅದರ ಮುಂದೆ ತಿಂಗಳು, ವರ್ಷ ಇರುತ್ತೆ. 05/2027 ಅಂತ ಇದ್ದರೆ ಐದನೇ ತಿಂಗಳು, 2027. ಅಂದರೆ ಮೇ ತಿಂಗಳ ಕೊನೇ ದಿನದವರೆಗೆ ಆ ಮಾತ್ರೆ ತೆಗೆದುಕೊಳ್ಳಬಹುದು. ಜೂನ್ ಒಂದನೇ ತಾರೀಕಿನಿಂದ ಬೇಡ.

ಕೆಲವು ಕಂಪನಿಯವರು ತಿಂಗಳನ್ನು ಅಂಕಿಯಲ್ಲಿ ಬರೆಯುವುದಿಲ್ಲ, ಹೆಸರಿನ ಮೂರು ಅಕ್ಷರ ಹಾಕುತ್ತಾರೆ. ಅಲ್ಲಿ ಹುಷಾರಾಗಿರಬೇಕು. ಜೂನ್, ಜುಲೈ ಎರಡಕ್ಕೂ ಮೊದಲ ಎರಡು ಅಕ್ಷರ ಒಂದೇ: ಜೆ, ಯು. ಮೂರನೇ ಅಕ್ಷರ ‘ಎನ್’ ಇದ್ದರೆ ಜೂನ್, ‘ಎಲ್’ ಇದ್ದರೆ ಜುಲೈ. ಹಾಗೇ ಮಾರ್ಚ್, ಮೇ ಎರಡಕ್ಕೂ ಮೊದಲು ಎಂ, ಎ. ಮೂರನೆಯದು ‘ಆರ್’ ಇದ್ದರೆ ಮಾರ್ಚ್, ‘ವೈ’ ಇದ್ದರೆ ಮೇ. ‘ವೈ’ ಕವಣೆಯ ಕೋಲಿನ ಹಾಗೆ ಕವಲೊಡೆದಿರುತ್ತೆ, ಸುಲಭವಾಗಿ ಗುರುತು ಸಿಗುತ್ತೆ.

ಇನ್ನೊಂದು ತಾರೀಕೂ ಅದೇ ಅಂಚಿನಲ್ಲಿ ಇರುತ್ತೆ. ಅದರ ಹಿಂದೆ ಎಂ, ಎಫ್, ಜಿ ಅಥವಾ ಎಂ, ಎಫ್, ಡಿ ಅಂತ ಇರುತ್ತೆ. ಅದು ತಯಾರಾದ ದಿನ. ನಮ್ಮ ಕೇಂದ್ರದ ಒಬ್ಬ ತಾತ, ಅಂಕಿ ಓದುವುದರಲ್ಲಿ ಎಲ್ಲರಿಗಿಂತ ಮುಂದು, ಒಂದು ದಿನ ಔಷಧಿ ಅಂಗಡಿಯವನ ಮೇಲೆ ಜಗಳಕ್ಕೇ ಹೋಗಿಬಿಟ್ಟರು. “ಡೇಟ್ ಆಗಿ ಎಂಟು ತಿಂಗಳಾಗೈತೆ, ಈಗ ಕೊಡ್ತೀಯಾ?” ಅಂತ. ಅವರು ಓದಿದ್ದು ತಯಾರಾದ ತಾರೀಕು. ಅಂಗಡಿಯವನು ನಕ್ಕು ತೋರಿಸಿದ. ತಾತನಿಗೆ ಅವಮಾನವಾಗಿ ಎರಡು ದಿನ ಕೇಂದ್ರಕ್ಕೆ ಬರಲಿಲ್ಲ. ನಾನು ಮನೆಗೆ ಹೋಗಿ ಹೇಳಿದೆ: “ತಾತ, ಜಗಳ ಆಡೋವಷ್ಟು ಓದು ಬಂತಲ್ಲ, ಅದು ಸಣ್ಣದಲ್ಲ. ಇನ್ನು ಮೂರು ಅಕ್ಷರ ಕಲ್ತ್ರೆ ಜಗಳ ಗೆಲ್ತೀರ.” ಈಗ ಅವರೇ ಮಿಕ್ಕವರಿಗೆ ಹೇಳಿಕೊಡುತ್ತಾರೆ.

ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಬೇಕು ಅಂದರೆ ಶೀಟು ಕತ್ತರಿಸಿ ಕೊಡುತ್ತಾರೆ. ಆಗ ತಾರೀಕು ಇರುವ ತುಂಡು ಅಂಗಡಿಯಲ್ಲೇ ಉಳಿದುಬಿಡಬಹುದು. “ಡೇಟ್ ಇರೋ ಕಡೆಯದು ಕೊಡಿ” ಅಂತ ಕೇಳಿ. ಇಲ್ಲದಿದ್ದರೆ ಕತ್ತರಿಸುವ ಮೊದಲೇ ಪೂರ್ತಿ ಶೀಟು ಕೈಗೆ ತೆಗೆದುಕೊಂಡು ನೋಡಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ, ದುಡ್ಡು ಕೊಡುವವರು ನೀವು.

ತಾರೀಕು ದಾಟಿದ ಮಾತ್ರೆ ಮಾರನೇ ದಿನಕ್ಕೆ ವಿಷವಾಗಿಬಿಡುತ್ತಾ? ಇದನ್ನು ತುಂಬಾ ಜನ ಕೇಳುತ್ತಾರೆ. ಸಾಮಾನ್ಯವಾಗಿ ಹಾಗಾಗಲ್ಲ. ಆದರೆ ಅದು ಸರಿಯಾಗಿ ಕೆಲಸ ಮಾಡುತ್ತೆ ಅನ್ನುವ ಭರವಸೆ ಇರಲ್ಲ. ಬಿ.ಪಿ.ಗೆ, ಶುಗರಿಗೆ, ಫಿಟ್ಸಿಗೆ ತೆಗೆದುಕೊಳ್ಳುವ ಮಾತ್ರೆ ಅರ್ಧ ಕೆಲಸ ಮಾಡಿದರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ಕಣ್ಣಿನ ಹನಿ ಔಷಧಿಗೆ ಇನ್ನೊಂದು ಲೆಕ್ಕ. ಮುಚ್ಚಳ ತೆರೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳಷ್ಟೇ. ಶೀಶೆಯ ಮೇಲಿನ ತಾರೀಕು ಎಷ್ಟೇ ದೂರ ಇರಲಿ, ತೆರೆದ ಶೀಶೆಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಮಕ್ಕಳಿಗೆ ಪುಡಿಗೆ ನೀರು ಬೆರೆಸಿ ಕೊಡುವ ಔಷಧಿಯೂ ಹಾಗೇ, ಬೆರೆಸಿದ ಮೇಲೆ ಹೆಚ್ಚಾಗಿ ಒಂದು ವಾರ.

ಈ ಜೋಡಿಯ ಅರ್ಥ ಏನು?

‘ಎಕ್ಸ್’ ಅಂತ ಶುರುವಾಗುವ ಇಂಗ್ಲಿಷ್ ಪದಗಳು ನಿಮಗೆ ಆಗಲೇ ತುಂಬಾ ಗೊತ್ತು. ಎಕ್ಸ್‌ಪ್ರೆಸ್ ಬಸ್ಸು. ಎಕ್ಸಾಮು. ಎಕ್ಸ್‌ಟ್ರಾ ದುಡ್ಡು. ಎಕ್ಸ್‌ಚೇಂಜ್. ಎಕ್ಸ್ ಸರ್ಪಂಚ್. ಎಕ್ಸ್ ಮಿಲಿಟರಿ. ಇವೆಲ್ಲ ಬರೆಯುವಾಗ ಮೊದಲು ಬಾಚಣಿಗೆ, ಆಮೇಲೆ ಕತ್ತರಿ.

ಈ ಜೋಡಿ ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ ಅನ್ನುವ ಹಳೇ ಭಾಷೆಯಿಂದ. ನಮಗೆ ಸಂಸ್ಕೃತ ಹೇಗೋ, ಇಂಗ್ಲಿಷಿಗೆ ಲ್ಯಾಟಿನ್ ಹೆಚ್ಚುಕಡಿಮೆ ಹಾಗೆ. ಲ್ಯಾಟಿನ್‌ನಲ್ಲಿ ‘ಎಕ್ಸ್’ ಅಂದರೆ ‘ಹೊರಗೆ’. ಈ ಒಂದು ಅರ್ಥ ಗೊತ್ತಿದ್ದರೆ ಎಷ್ಟೋ ಪದ ತಾನಾಗಿ ಬಿಡಿಸಿಕೊಳ್ಳುತ್ತೆ. ದೊಡ್ಡ ಆಸ್ಪತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಬಾಗಿಲ ಮೇಲೆ ‘ಎಕ್ಸಿಟ್’ ಅಂತ ಹಾಕಿರುತ್ತಾರೆ, ಹೊರಗೆ ಹೋಗುವ ದಾರಿ. ‘ಎಕ್ಸ್‌ಪೋರ್ಟ್’ ಅಂದರೆ ಸರಕನ್ನು ದೇಶದ ಹೊರಗೆ ಕಳಿಸುವುದು. ಎಕ್ಸ್ ಸರ್ಪಂಚ್ ಅಂದರೆ ಆ ಕುರ್ಚಿಯಿಂದ ಹೊರಗೆ ಬಂದವರು. ಕೆಲವರು ಹೊರಗೆ ಬಂದು ಇಪ್ಪತ್ತು ವರ್ಷ ಆದರೂ ಹೆಸರಿನ ಮುಂದೆ ಅದನ್ನು ಬಿಡಲ್ಲ, ಆ ಮಾತು ಬೇರೆ.

ಎಕ್ಸಾಮ್ ಪದದ ಹುಟ್ಟು ನನಗೆ ಬಹಳ ಇಷ್ಟ. ಲ್ಯಾಟಿನ್‌ನಲ್ಲಿ ಅದರ ಮೂಲ ಪದಕ್ಕೆ ತಕ್ಕಡಿಯ ಮುಳ್ಳು ಅಂತ ಅರ್ಥ ಇತ್ತು. ತೂಕ ಸರಿ ಇದೆಯೋ ಇಲ್ಲವೋ ಅಂತ ನಡುವೆ ನಿಂತು ತೋರಿಸುತ್ತಲ್ಲ, ಆ ಮುಳ್ಳು. ಸಂತೆಯಲ್ಲಿ ಅಡಿಕೆ, ಕಡಲೆಕಾಯಿ ತೂಗುವಾಗ ನಮ್ಮ ಕಣ್ಣು ಎಲ್ಲಿರುತ್ತೋ ಅಲ್ಲಿಂದಲೇ ಪರೀಕ್ಷೆಯ ಪದ ಬಂತು.

‘ಎಕ್ಸ್‌ಪೈರ್’ ಅಂದರೆ ಮೂಲದಲ್ಲಿ ಉಸಿರನ್ನು ಹೊರಗೆ ಬಿಡುವುದು. ನಾವು “ಉಸಿರು ಹೋಯ್ತು” ಅನ್ನುತ್ತೇವಲ್ಲ, ಅದೇ ಮಾತು. ಮಾತ್ರೆಗೂ ಒಂದು ಉಸಿರು ಇದ್ದ ಹಾಗೆ, ಅದು ಹೋಗುವ ತಾರೀಕು ಶೀಟಿನ ಮೇಲೆ ಇರುತ್ತೆ.

ಈ ಪದವನ್ನು ನಾನು ಮೊದಲ ಸಲ ಸರಿಯಾಗಿ ಓದಿದ್ದು ಮಾತ್ರೆಯ ಮೇಲಲ್ಲ. ಬಿ.ಎ. ಎರಡನೇ ವರ್ಷದಲ್ಲಿ ಇದ್ದಾಗ ನಮ್ಮ ತಾತನನ್ನು ದೂರದ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಬೆಳಗಿನ ಜಾವ ನರ್ಸ್ ಒಂದು ಕಾಗದ ತಂದು ನನ್ನ ಕೈಗೆ ಕೊಟ್ಟು ಹೋದರು. ಮನೆಯವರಲ್ಲಿ ಓದಿದವಳು ನಾನೊಬ್ಬಳೇ. ಕಾಗದದಲ್ಲಿ ತಾತನ ಹೆಸರು, ಗಂಟೆ, ಪಕ್ಕದಲ್ಲಿ ‘ಎಕ್ಸ್‌ಪೈರ್ಡ್’ ಅಂತ ಇತ್ತು. ಏನೋ ಕಾರ್ಡಿನ ಅವಧಿ ಮುಗಿದಿದೆ, ದುಡ್ಡು ಕಟ್ಟಬೇಕು ಅಂತ ನಾನು ಅಂದುಕೊಂಡೆ. ಅಜ್ಜಿ “ಏನಂತಮ್ಮ ಬರ್ದವ್ರೆ?” ಅಂದರು. “ಏನೋ ಡೇಟ್ ಆಗೈತಂತೆ ಅಜ್ಜಿ, ಕೌಂಟ್ರಲ್ಲಿ ಕೇಳ್ಕೊಂಡು ಬತ್ತೀನಿ” ಅಂತ ಹೇಳಿ ಹೋದೆ. ಕೌಂಟರಿನಲ್ಲಿ ಇದ್ದವರು ನನ್ನ ಮುಖ ನೋಡಿದರು. ಆಗ ಗೊತ್ತಾಯಿತು. ಆಸ್ಪತ್ರೆಯ ಕಾಗದದಲ್ಲಿ ಮನುಷ್ಯನ ಹೆಸರಿನ ಪಕ್ಕ ಆ ಪದ ಇದ್ದರೆ, ತೀರಿಕೊಂಡರು ಅಂತ.

ಹೊರಗೆ ಹಚ್ಚುವುದು, ಒಳಗೆ ಕುಡಿಯುವುದು

ಇ–ಎಕ್ಸ್ ಜೋಡಿ ಇರುವ ಇನ್ನೊಂದು ಪದವನ್ನು ಎಕ್ಸ್‌ಪೈರಿಯಷ್ಟೇ ಗಟ್ಟಿಯಾಗಿ ನೆನಪಿಡಿ. ‘ಎಕ್ಸ್‌ಟರ್ನಲ್’. ಹೊರಗಿನದು ಅಂತ ಅರ್ಥ. ನೋವಿನ ಎಣ್ಣೆ, ಮುಲಾಮು, ಕಜ್ಜಿಗೆ ಹಚ್ಚುವ ನೀರೌಷಧಿ, ಇವುಗಳ ಮೇಲೆ ‘ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ’ ಅಂತ ಇರುತ್ತೆ. ಮೈ ಮೇಲೆ ಹಚ್ಚಲು ಮಾತ್ರ, ಕುಡಿಯಬಾರದು. ಮೂರನೇ ಅಕ್ಷರ ಇಲ್ಲಿ ‘ಟಿ’, ಒಂದು ಕಂಬದ ಮೇಲೆ ಒಂದು ಅಡ್ಡ ತೊಲೆ. ಇ, ಎಕ್ಸ್, ಪಿ ಇದ್ದರೆ ಮುಂದೆ ತಾರೀಕು ನೋಡಿ. ಇ, ಎಕ್ಸ್, ಟಿ ಇದ್ದರೆ ಬಾಯಿಗೆ ಹಾಕಬೇಡಿ.

ಇದು ನಮ್ಮ ಮನೆಯಲ್ಲೇ ನಡೆದದ್ದು. ಅಣ್ಣನ ಮಗುವಿಗೆ ಕೆಮ್ಮು. ದೊಡ್ಡ ಮಗುವಿಗೆ ಕಜ್ಜಿ. ಎರಡಕ್ಕೂ ಔಷಧಿ ತಂದಿದ್ದೆವು, ಎರಡೂ ಒಂದೇ ಅಳತೆಯ ಕಂದು ಬಣ್ಣದ ಶೀಶೆ. ರಾತ್ರಿ ಕರೆಂಟಿಲ್ಲ. ನಮ್ಮಮ್ಮ ಕಜ್ಜಿಯ ಔಷಧಿಯನ್ನು ಮುಚ್ಚಳಕ್ಕೆ ಬಗ್ಗಿಸಿ ಮಗುವಿನ ಬಾಯಿ ಹತ್ತಿರ ತಂದಿದ್ದರು. ವಾಸನೆ ಮೂಗಿಗೆ ಹೊಡೆದು ನಿಲ್ಲಿಸಿದರು. ವಾಸನೆ ಇಲ್ಲದ ಔಷಧಿ ಆಗಿದ್ದರೆ? ಆ ರಾತ್ರಿ ಅಮ್ಮ ಮಲಗಲಿಲ್ಲ. ಈಗ ನಮ್ಮ ಮನೆಯಲ್ಲಿ ಹಚ್ಚುವ ಶೀಶೆಗಳ ಕುತ್ತಿಗೆಗೆಲ್ಲ ಕೆಂಪು ದಾರ ಕಟ್ಟಿರುತ್ತೆ. ನೀವೂ ಹಾಗೆ ಮಾಡಬಹುದು. ಅಕ್ಷರ ಕಲಿತವರೂ ಕತ್ತಲಲ್ಲಿ ಓದಲಾರರು.

ಔಷಧಿ ಅನ್ನುವ ನಮ್ಮ ಮಾತಿನಲ್ಲೂ ಒಂದು ತೊಡಕು ಐತೆ. ಜ್ವರಕ್ಕೆ ಕೊಡುವುದೂ ಔಷಧಿ, ಹೊಲಕ್ಕೆ ಹೊಡೆಯುವುದೂ ಔಷಧಿ. ಹೊಲದ್ದು ವಿಷ. ಅದರ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ ಇರುತ್ತೆ, ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತಾರೆ. ಕೆಂಪು ಅಂದರೆ ಅತಿ ಘೋರ ವಿಷ. ಅದರ ಕೆಳಗೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಅಂತ ಸದರ ಮಾಡಬೇಡಿ, ಅದೂ ಕುಡಿಯುವ ವಸ್ತುವಲ್ಲ. ಆ ಡಬ್ಬಿಯ ಮೇಲೂ ಎಕ್ಸ್‌ಪೈರಿ ತಾರೀಕು ಇರುತ್ತೆ. ಬೆಳೆಗೆ ಹೊಡೆದ ಮೇಲೆ ಹುಳು ಸಾಯಲಿಲ್ಲ ಅಂತ ಅಂಗಡಿಯವನನ್ನು ಬೈಯುವ ಮೊದಲು, ಕೊಳ್ಳುವಾಗಲೇ ಅದನ್ನು ನೋಡಿ.

ಗ್ಯಾಸ್ ಸಿಲಿಂಡರಿನಲ್ಲಿ ಮಾತ್ರ ಈ ಇ–ಎಕ್ಸ್–ಪಿ ಹುಡುಕಬೇಡಿ. ಅಲ್ಲಿ ಬೇರೆ ಪದ್ಧತಿ. ಹಿಡಿಯ ಕೆಳಗಿನ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಇರುತ್ತೆ. ‘ಎ’ ಅಂದರೆ ಜನವರಿಯಿಂದ ಮಾರ್ಚ್, ‘ಬಿ’ ಅಂದರೆ ಏಪ್ರಿಲಿನಿಂದ ಜೂನ್, ‘ಸಿ’ ಅಂದರೆ ಜುಲೈಯಿಂದ ಸೆಪ್ಟೆಂಬರ್, ‘ಡಿ’ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ಅಂಕಿ ವರ್ಷದ ಕೊನೇ ಎರಡು ಅಂಕಿ. ‘ಸಿ 29’ ಅಂತ ಇದ್ದರೆ 2029ರ ಸೆಪ್ಟೆಂಬರಿನ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ. ಆ ಅವಧಿ ದಾಟಿದ ಸಿಲಿಂಡರ್ ಕೊಟ್ಟರೆ ಬೇರೆಯದು ಕೇಳಿ.

ಮೋಸ ಹೋಗುವ ಕಡೆಗಳು

ಅಕ್ಷರ ನೋಡಿ ಅರ್ಥ ಹೇಳುವುದು ಎಲ್ಲ ಕಡೆ ನಡೆಯಲ್ಲ. ‘ಟೆಕ್ಸ್‌ಟೈಲ್ಸ್’ ಅಂತ ಬಟ್ಟೆ ಅಂಗಡಿ ಬೋರ್ಡು ಇರುತ್ತಲ್ಲ, ಅದರ ಹೊಟ್ಟೆಯಲ್ಲೂ ಇ, ಎಕ್ಸ್ ಇದೆ. ಆದರೆ ಅಲ್ಲಿ ‘ಹೊರಗೆ’ ಅನ್ನುವ ಅರ್ಥ ಇಲ್ಲ, ಅದು ನೇಯುವುದಕ್ಕೆ ಸಂಬಂಧಪಟ್ಟ ಪದ. ಜೋಡಿ ಪದದ ಮೊದಲಲ್ಲಿ ಇರಬೇಕು.

ಎಕ್ಸ್-ರೇ? ಅದರಲ್ಲಿ ಬಾಚಣಿಗೆ ಇಲ್ಲವೇ ಇಲ್ಲ. ಬರೀ ಕತ್ತರಿ. 1895ರಲ್ಲಿ ಜರ್ಮನಿಯ ರಾಂಟ್‌ಗನ್ ಅನ್ನುವ ವಿಜ್ಞಾನಿ ಆ ಕಿರಣ ಕಂಡುಹಿಡಿದ. ಅದು ಎಂಥ ಕಿರಣ ಅಂತ ಅವನಿಗೇ ಗೊತ್ತಿರಲಿಲ್ಲ. ಲೆಕ್ಕದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅಂತ ಇಡುತ್ತಾರಲ್ಲ, ಹಾಗೇ ಹೆಸರಿಟ್ಟ. 1901ರಲ್ಲಿ ಅವನಿಗೆ ಭೌತಶಾಸ್ತ್ರದ ಮೊದಲ ನೊಬೆಲ್ ಬಹುಮಾನ ಬಂತು, ಕಿರಣಕ್ಕೆ ಮಾತ್ರ ಗೊತ್ತಿಲ್ಲದ ಹೆಸರೇ ಉಳಿಯಿತು. ಜೆರಾಕ್ಸ್ ಅಂಗಡಿಯ ಬೋರ್ಡು ಇನ್ನೂ ವಿಚಿತ್ರ. ಅದು ಶುರುವಾಗುವುದೂ ಕತ್ತರಿಯಿಂದ, ಮುಗಿಯುವುದೂ ಕತ್ತರಿಯಿಂದ. ಆದರೆ ಮೊದಲನೆಯದನ್ನು ‘ಜ’ ಅಂತ ಓದುತ್ತೇವೆ, ಕೊನೆಯದನ್ನು ‘ಕ್ಸ್’ ಅಂತ. ಯಾಕೆ ಅಂತ ಕೇಳಿದರೆ ಇಂಗ್ಲಿಷ್ ಹಾಗೇ ಅಂತ ಹೇಳಬೇಕಷ್ಟೆ.

ಫೋನಿನಲ್ಲಿ ಬರುವ ಮೆಸೇಜಿನಲ್ಲೂ ಈಗ ‘ಎಕ್ಸ್‌ಪೈರ್ಡ್’ ಪದ ಓಡಾಡುತ್ತಿದೆ. “ನಿಮ್ಮ ಬ್ಯಾಂಕಿನ ಕೆ.ವೈ.ಸಿ. ಎಕ್ಸ್‌ಪೈರ್ಡ್ ಆಗಿದೆ, ಇಲ್ಲಿ ಒತ್ತಿ” ಅಂತ. ಹೆದರಿಸಿ ಒತ್ತಿಸುವ ಉಪಾಯ ಅದು. ಒತ್ತಬೇಡಿ. ಪಾಸ್‌ಬುಕ್ ಹಿಡಿದು ಬ್ಯಾಂಕಿಗೇ ಹೋಗಿ ಕೇಳಿ. ಒ.ಟಿ.ಪಿ. ನಂಬರನ್ನು ಯಾರಿಗೂ ಹೇಳಬೇಡಿ. ಅಕಸ್ಮಾತ್ ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930 ನಂಬರಿಗೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಅವಕಾಶ ಜಾಸ್ತಿ.

ಒಂದು ಹೊಟ್ಟೆ, ಎರಡು ಹೊಟ್ಟೆ

ಬ್ಯಾಂಕಿನ ಮಾತು ಬಂತಲ್ಲ, ಪಾಸ್‌ಬುಕ್ ತೆರೆಯಿರಿ. ನಮ್ಮ ಕಡೆ ಎಷ್ಟೋ ಮನೆಗೆ ಪಾಸ್‌ಬುಕ್ ಬಂದದ್ದು ಡ್ವಾಕ್ರಾ ಸಂಘದಿಂದ, ಆಮೇಲೆ ಉದ್ಯೋಗ ಖಾತ್ರಿ ಕೂಲಿಯಿಂದ. ಆ ಯೋಜನೆಯನ್ನು ದೇಶಕ್ಕೆಲ್ಲ ಶುರು ಮಾಡಿದ್ದೇ ಆಗಿನ ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ, 2006ರ ಫೆಬ್ರವರಿ 2ರಂದು. ಬರದ ಜಿಲ್ಲೆಗೆ ಸಿಕ್ಕ ಮರ್ಯಾದೆ ಅಂತ ಕೆಲವರು ತಮಾಷೆ ಮಾಡುತ್ತಿದ್ದರು. ಕೂಲಿ ದುಡ್ಡು ಅಂಚೆ ಕಚೇರಿಗೆ, ಬ್ಯಾಂಕಿಗೆ ಬರತೊಡಗಿದ ಮೇಲೆ, ಹೆಬ್ಬೆಟ್ಟು ಒತ್ತಿ ತಂದ ಪುಸ್ತಕದಲ್ಲಿ ಏನು ಬರೆದಿದೆ ಅಂತ ಓದುವವರು ಮಾತ್ರ ಕಡಿಮೆ ಇದ್ದರು.

ಅಲ್ಲಿ ಎರಡು ಪದ ನೋಡಿ. ‘ಡೆಪಾಸಿಟ್’, ‘ಡೆಬಿಟ್’. ಎರಡೂ ಶುರುವಾಗುವುದು ಡಿ, ಇ ಅಕ್ಷರಗಳಿಂದ. ಅರ್ಥ ಮಾತ್ರ ಪೂರ್ತಿ ಉಲ್ಟಾ. ಡೆಪಾಸಿಟ್ ಅಂದರೆ ಖಾತೆಗೆ ದುಡ್ಡು ಬಂತು. ಡೆಬಿಟ್ ಅಂದರೆ ಖಾತೆಯಿಂದ ದುಡ್ಡು ಹೋಯಿತು. ಮೂರನೇ ಅಕ್ಷರವೇ ಗುರುತು. ಡೆಪಾಸಿಟ್‌ನಲ್ಲಿ ‘ಪಿ’, ಒಂದು ಹೊಟ್ಟೆ. ಡೆಬಿಟ್‌ನಲ್ಲಿ ‘ಬಿ’, ಮೇಲೊಂದು ಕೆಳಗೊಂದು ಎರಡು ಹೊಟ್ಟೆ. ನಾನು ತರಗತಿಯಲ್ಲಿ ಹೇಳುವುದು ಹೀಗೆ: ಎರಡು ಹೊಟ್ಟೆ ಇರುವವನು ದುಡ್ಡು ತಿನ್ನುತ್ತಾನೆ. ಎಲ್ಲರೂ ನಗುತ್ತಾರೆ, ಆದರೆ ಮರೆಯಲ್ಲ.

ಕೆಲವು ಪಾಸ್‌ಬುಕ್ಕಿನಲ್ಲಿ ಪೂರ್ತಿ ಪದ ಇರಲ್ಲ. ಸಿ, ಆರ್ ಅಂತ ಇದ್ದರೆ ಕ್ರೆಡಿಟ್, ಬಂದದ್ದು. ಡಿ, ಆರ್ ಅಂತ ಇದ್ದರೆ ಡೆಬಿಟ್, ಹೋದದ್ದು. ಇದೇ ಡಿ, ಆರ್ ಒಬ್ಬರ ಹೆಸರಿನ ಮುಂದೆ ಬೋರ್ಡಿನಲ್ಲಿ ಇದ್ದರೆ ಡಾಕ್ಟರ್. (ಅಲ್ಲಿಗೆ ಹೋದರೂ ದುಡ್ಡು ಹೋಗುತ್ತೆ ಅಂತ ನಮ್ಮ ತಾತ ಒಬ್ಬರು ಸೇರಿಸಿದರು.)

ಒಬ್ಬ ತಂಗಿ ತನ್ನ ಪಾಸ್‌ಬುಕ್ ತಂದು ಹೀಗೇ ಒಂದೊಂದು ಸಾಲು ಹೊಟ್ಟೆ ಎಣಿಸುತ್ತಾ ಓದಿದಳು. ತಾನು ತೆಗೆಯದೇ ಇದ್ದ 500 ರೂಪಾಯಿ ಹೋಗಿರುವುದು ಕಂಡಿತು. ಬ್ಯಾಂಕಿಗೆ ಹೋಗಿ ಕೇಳಿದಳು. ಅವಳ ಗಂಡ ಅವಳ ಕಾರ್ಡು ತೆಗೆದುಕೊಂಡು ಹೋಗಿ ತೆಗೆದಿದ್ದ. ಮನೆಯಲ್ಲಿ ಏನು ನಡೆಯಿತೋ ನಾನು ಕೇಳಲಿಲ್ಲ. ಕಾರ್ಡು ಮಾತ್ರ ಈಗ ಅವಳ ಹತ್ತಿರವೇ ಇದೆ.

ಕೊನೆಗೆ ಒಂದು ಚಿಕ್ಕ ಜೋಡಿ: ಎನ್, ಒ. ಅದರ ಮುಂದೆ ಇಂಗ್ಲಿಷ್ ಪದ ಇದ್ದರೆ ‘ನೋ’, ಬೇಡ ಅಥವಾ ಇಲ್ಲ ಅಂತ. ‘ನೋ ಎಂಟ್ರಿ’ ಅಂದರೆ ಒಳಗೆ ಬರಬೇಡಿ. ಅದರ ಮುಂದೆ ಅಂಕಿ ಇದ್ದರೆ ‘ನಂಬರ್’. ಮನೆ ನಂಬರ್, ಖಾತೆ ನಂಬರ್, ಮಾತ್ರೆ ಶೀಟಿನ ಮೇಲೆ ಬ್ಯಾಚ್ ನಂಬರ್. ಬ್ಯಾಚ್ ನಂಬರಿನ ಅಂಕಿಯನ್ನು ತಾರೀಕು ಅಂತ ಓದಬೇಡಿ.

ಮುಂದಿನ ಶನಿವಾರ ಕೇಂದ್ರಕ್ಕೆ ಬರುವಾಗ ಒಬ್ಬೊಬ್ಬರೂ ಮೂರು ಮಾತ್ರೆ ಶೀಟು ತನ್ನಿ, ಖಾಲಿಯಾದದ್ದಾದರೂ ಸರಿ. ಹಚ್ಚುವ ಔಷಧಿಯ ಶೀಶೆ ಇದ್ದರೆ ಅದನ್ನೂ ತನ್ನಿ. ತಾರೀಕು ದಾಟಿದವನ್ನು ಒಂದು ಕಡೆ, ದಾಟದವನ್ನು ಒಂದು ಕಡೆ ಇಡೋಣ. ಕನ್ನಡಕ ಮರೆಯಬೇಡಿ.